ಕಿಡ್ನಿ ಸೋತವರ ಹೊಟ್ಟೆ ಕೆಟ್ಟಾಗ

ಹೊಟ್ಟೆ ಕೆಟ್ಟರೆ ಏನು ಮಾಡಬೇಕು ಅನ್ನೋದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಒಂದು ಎಳನೀರು ಕೆತ್ತಿಸಿಕೊಂಡು ಬರುವುದು. ಓಆರ್‌ಎಸ್ ಪ್ಯಾಕೆಟ್ ಕಲಸುವುದು. ಮೆಡಿಕಲ್ ಸ್ಟೋರಿನಲ್ಲಿ ‘ಲೂಸ್ ಮೋಷನ್‌ಗೆ ಒಂದು ಮಾತ್ರೆ ಕೊಡಿ’ ಅಂತ ಕೇಳಿ ತರುವುದು. ಬಿಪಿ, ಶುಗರ್ ಮಾತ್ರೆ ಮಾತ್ರ ತಪ್ಪಿಸಬಾರದು ಅಂತ ಎಂದಿನಂತೆ ನುಂಗುವುದು. ಆರೋಗ್ಯವಾಗಿರುವವರಿಗೆ ಇದರಲ್ಲಿ ಹೆಚ್ಚಿನದೆಲ್ಲ ನಡೆದುಹೋಗುತ್ತದೆ. ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಿಗೆ ಮಾತ್ರ ಈ ನಾಲ್ಕೂ ಕೆಲಸ ಒಂದಲ್ಲ ಒಂದು ರೀತಿ ತಿರುಗಿಬೀಳಬಹುದು.

ಇಲ್ಲಿ ಹೇಳುತ್ತಿರುವುದು ಡಯಾಲಿಸಿಸ್‌ನಲ್ಲಿ ಇರುವವರ ಬಗ್ಗೆ ಮಾತ್ರ ಅಲ್ಲ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಒಂದು ಸಂಖ್ಯೆ ಇರುತ್ತದೆ. ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನೋದರ ಅಂದಾಜು ಅದು. ಮೂರು ತಿಂಗಳಿಗಿಂತ ಜಾಸ್ತಿ ಅದು 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತಲೇ ಲೆಕ್ಕ. ಸಂಖ್ಯೆ ಚೆನ್ನಾಗಿದ್ದರೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಲೇ ಇದ್ದರೆ ಆಗಲೂ ಹಾಗೇ. 15ಕ್ಕಿಂತ ಇಳಿದರೆ ಕೊನೆಯ ಹಂತ. 40, 45ರಲ್ಲಿ ಇರುವವರು ಓಡಾಡಿಕೊಂಡು, ಕೆಲಸ ಮಾಡಿಕೊಂಡು ಆರಾಮಾಗೇ ಇರುತ್ತಾರೆ. ಎರಡು ದಿನದ ಭೇದಿ ಅವರನ್ನೇ ಆಸ್ಪತ್ರೆಗೆ ಸೇರಿಸಿಬಿಡುತ್ತದೆ. ಆಗಲೇ ಮನೆಯವರಿಗೆ ಕಿಡ್ನಿಯ ವಿಷಯ ಗಂಭೀರ ಅನ್ನಿಸುವುದು.

ಕಿಡ್ನಿಗೂ ಕರುಳಿಗೂ ಏನು ನಂಟು?

ಯೂರಿಯಾದಿಂದ ಶುರು ಮಾಡೋಣ. ಕಿಡ್ನಿ ಹೊರಗೆ ಹಾಕಬೇಕಾದ ಯೂರಿಯಾ ರಕ್ತದಲ್ಲೇ ಉಳಿದಾಗ ಅದು ಜೊಲ್ಲಿಗೂ ಇಳಿಯುತ್ತದೆ, ಕರುಳಿನೊಳಕ್ಕೂ ಇಳಿಯುತ್ತದೆ. ಕಾಯಿಲೆ ಮುಂದುವರಿದವರ ಉಸಿರಲ್ಲಿ ಒಂಥರಾ ಮೂತ್ರದ ವಾಸನೆ ಬರುವುದನ್ನು ಮನೆಯವರು ಗಮನಿಸಿರಬಹುದು. ಬಾಯಿಯ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದರಿಂದ ಬರುವ ವಾಸನೆ ಅದು. ಕರುಳಿನಲ್ಲೂ ಇದೇ ಕೆಲಸ ನಡೆಯುತ್ತದೆ, ಇನ್ನೂ ದೊಡ್ಡ ಮಟ್ಟದಲ್ಲಿ. ಅಮೋನಿಯಾ ಜಾಸ್ತಿಯಾದಂತೆ ಕರುಳಿನ ಒಳಗೋಡೆಯ ಜೀವಕೋಶಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿರುವ ಬೆಸುಗೆ ಸಡಿಲವಾಗುತ್ತದೆ. ಒಳಗೇ ಇರಬೇಕಾದ ಬ್ಯಾಕ್ಟೀರಿಯಾ, ಅವುಗಳ ವಿಷದ ತುಣುಕುಗಳು ರಕ್ತಕ್ಕೆ ನುಸುಳಲು ದಾರಿಯಾಗುತ್ತದೆ.

ಇದರ ಜೊತೆಗೆ ಊಟದ ಪಥ್ಯ. ಪೊಟ್ಯಾಸಿಯಂ ಏರಬಾರದು ಅಂತ ಬಾಳೆಹಣ್ಣು ಬೇಡ, ಸೊಪ್ಪು ಕಡಿಮೆ ಮಾಡಿ, ತರಕಾರಿ ಬೇಯಿಸಿದ ನೀರು ಚೆಲ್ಲಿ ಅಂತ ಹೇಳಿರುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವವರಿಗೆ ಅದು ಬೇಕಾದ ಪಥ್ಯವೇ. ಆದರೆ ಹಣ್ಣು ತರಕಾರಿ ತಟ್ಟೆಯಿಂದ ಹೋದರೆ ನಾರೂ ಹೋಗುತ್ತದೆ. ನಾರು ತಿಂದು ಬದುಕುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಕರುಳಿನ ಗೋಡೆಗೆ ಆಹಾರವಾಗುವ ಬ್ಯೂಟಿರೇಟ್‌ ತಯಾರಾಗುತ್ತಿದ್ದದ್ದು ಇವುಗಳಿಂದಲೇ. ಪ್ರೋಟೀನ್ ಕೊಳೆಸಿ ಬದುಕುವ ಬ್ಯಾಕ್ಟೀರಿಯಾಗಳು ಆ ಜಾಗಕ್ಕೆ ಬರುತ್ತವೆ. ಇಂಡಾಕ್ಸಿಲ್ ಸಲ್ಫೇಟ್, ಪ್ಯಾರಾ ಕ್ರೆಸೈಲ್ ಸಲ್ಫೇಟ್ ಎಂಬ ವಿಷಗಳ ಮೂಲ ಸಾಮಗ್ರಿ ತಯಾರಾಗುವುದು ಇವುಗಳಿಂದ. ಈ ವಿಷಗಳು ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಡಯಾಲಿಸಿಸ್ ಯಂತ್ರಕ್ಕೂ ಸರಿಯಾಗಿ ಸಿಗುವುದಿಲ್ಲ.

ಮಲಬದ್ಧತೆ ಇನ್ನೊಂದು. ನೀರು ಅಳೆದು ಕುಡಿಯಬೇಕು, ಮೇಲಿಂದ ಕಬ್ಬಿಣದ ಮಾತ್ರೆ, ಫಾಸ್ಫರಸ್ ಇಳಿಸುವ ಮಾತ್ರೆ, ಪೊಟ್ಯಾಸಿಯಂ ಇಳಿಸುವ ಪುಡಿ. ಎಲ್ಲವೂ ಹೊಟ್ಟೆ ಕಟ್ಟಿಸುವಂಥವೇ. ರೋಗನಿರೋಧಕ ಶಕ್ತಿಯ ವಿಷಯಕ್ಕೆ ಬಂದರೆ, ಬಿಳಿ ರಕ್ತಕಣಗಳ ಸಂಖ್ಯೆ ಸರಿಯಾಗೇ ಕಂಡರೂ ಅವುಗಳ ಚುರುಕು ಕಡಿಮೆಯಾಗಿರುತ್ತದೆ. ಲಸಿಕೆ ಕೂಡ ಇವರಲ್ಲಿ ಬೇರೆಯವರಷ್ಟು ನಾಟುವುದಿಲ್ಲ.

ನನಗೆ ಸದಾ ಕಾಡುವ ಪ್ರಶ್ನೆ ಪ್ಯಾಂಟೊಪ್ರಜೋಲ್ ಬಗ್ಗೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ ಇಲ್ಲದ ಚೀಟಿ ಸಿಗುವುದೇ ಅಪರೂಪ, ಅಲ್ವಾ? ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಹೊಟ್ಟೆಯ ಆಸಿಡ್ ಸುಮ್ನೆ ಇರುವಂಥದ್ದಲ್ಲ. ಊಟದ ಜೊತೆ ಬಂದ ರೋಗಾಣುಗಳನ್ನು ಬಾಗಿಲಲ್ಲೇ ಕೊಲ್ಲುವುದು ಅದರ ಕೆಲಸ. ಅದನ್ನು ವರ್ಷಗಟ್ಟಲೆ ಇಳಿಸಿಟ್ಟವರಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಸೋಂಕು ಜಾಸ್ತಿ ಕಾಣುತ್ತದೆ. ಈ ಗುಂಪಿನ ಮಾತ್ರೆಗಳಿಗೂ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿಗೂ ನಂಟಿದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿತ್ತು. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಆಗಿದ್ದವರಿಗೆ ಆ ಮಾತ್ರೆ ಬೇಕೇ ಬೇಕು. ಬೇರೆಯವರು ‘ಇದು ಇನ್ನೂ ಬೇಕಾ?’ ಅಂತ ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಆಸ್ಪತ್ರೆಯಿಂದ ಅಂಟಿಕೊಂಡು ಬರುವ ಭೇದಿ

ಸಿ. ಡಿಫಿಸಿಲ್ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡೋಣ. ಕಿಡ್ನಿ ರೋಗಿಗಳ ಮಟ್ಟಿಗೆ ಇದು ದೊಡ್ಡ ತಲೆನೋವು. 2016ರಲ್ಲಿ ಇದರ ಹೆಸರು ಬದಲಾದ್ದರಿಂದ ರಿಪೋರ್ಟ್‌ಗಳಲ್ಲಿ ಕ್ಲಾಸ್ಟ್ರಿಡಿಯಮ್ ಅಂತಲೂ, ಕ್ಲಾಸ್ಟ್ರಿಡಿಯಾಯ್ಡಿಸ್ ಅಂತಲೂ ಕಾಣಬಹುದು. ಎರಡೂ ಒಂದೇ. 1935ರಲ್ಲಿ ಇದನ್ನು ಮೊದಲು ಕಂಡಿದ್ದು ಆರೋಗ್ಯವಾಗಿದ್ದ ಹಸುಗೂಸುಗಳ ಮಲದಲ್ಲಿ. ಹಾಗಾಗಿ ಬಹಳ ಕಾಲ ಯಾರೂ ಇದನ್ನು ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ. ಆಂಟಿಬಯೋಟಿಕ್ ತಗೊಂಡ ಮೇಲೆ ಬರುವ ತೀವ್ರ ಕರುಳಿನ ಉರಿಯೂತಕ್ಕೆ ಇದೇ ಕಾರಣ ಅಂತ ಗೊತ್ತಾಗಿದ್ದು 1978ರಲ್ಲಿ.

ನಮ್ಮ ಕರುಳು ತುಂಬಿದ ಬಸ್ಸು ಅಂದುಕೊಳ್ಳಿ. ಒಳ್ಳೆಯ ಬ್ಯಾಕ್ಟೀರಿಯಾಗಳು ಸೀಟು ಹಿಡಿದು ಕೂತಿರುವವರೆಗೆ ಸಿ. ಡಿಫಿಸಿಲ್‌ಗೆ ಕಾಲಿಡಲೂ ಜಾಗ ಇಲ್ಲ. ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಾಸಿನ್, ಕ್ಲಿಂಡಾಮೈಸಿನ್‌ನಂಥ ಆಂಟಿಬಯೋಟಿಕ್ ಬಂದು ಅವರನ್ನೆಲ್ಲ ಇಳಿಸಿತು ಅಂದರೆ, ಇದು ಕಿಟಕಿಯಿಂದ ಟವೆಲ್ ಹಾಕಿ ಸಾಲು ಸಾಲು ಸೀಟು ಹಿಡಿಯುತ್ತದೆ. ಆಮೇಲೆ ‘ಎ’ ಮತ್ತು ‘ಬಿ’ ಎಂಬ ಎರಡು ವಿಷ ಬಿಡುತ್ತದೆ. ಕರುಳಿನ ಗೋಡೆ ಊದಿಕೊಂಡು, ನೀರುನೀರು ಭೇದಿ, ಹೊಟ್ಟೆನೋವು, ಜ್ವರ ಶುರುವಾಗುತ್ತದೆ. ಆಂಟಿಬಯೋಟಿಕ್ ಮುಗಿದು ವಾರಗಳಾದ ಮೇಲೂ ಇದು ಬರಬಹುದು.

ಡಯಾಲಿಸಿಸ್ ರೋಗಿಗೆ ಈ ಅವಕಾಶ ಎಷ್ಟು ಸಲ ಸಿಗುತ್ತದೆ ನೋಡಿ. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆ. ಡಯಾಲಿಸಿಸ್‌ಗೆ ಅಂತ ಕುತ್ತಿಗೆಯಲ್ಲಿ ಹಾಕಿದ ನಳಿಕೆಗೆ, ಅಂದರೆ ಕ್ಯಾಥೆಟರ್‌ಗೆ, ಸೋಂಕಾದರೆ ಆಂಟಿಬಯೋಟಿಕ್. ಮೂತ್ರದ ಸೋಂಕಿಗೆ ಇನ್ನೊಂದು. ಗ್ಯಾಸ್ ಮಾತ್ರೆ ಇದ್ದೇ ಇದೆ. ಒಟ್ಟಾರೆ ಕಿಡ್ನಿ ಕಾಯಿಲೆ ಇರುವವರಲ್ಲಿ ಈ ಸೋಂಕಿನ ಅಪಾಯ ಸುಮಾರು ಎರಡು ಪಟ್ಟು, ಡಯಾಲಿಸಿಸ್ ಹಂತದಲ್ಲಿ ಅದಕ್ಕಿಂತ ಜಾಸ್ತಿ.

ಈ ಬ್ಯಾಕ್ಟೀರಿಯಾ ಬೀಜಾಣುಗಳ ರೂಪದಲ್ಲಿ ಮಂಚದ ಕಂಬಿ, ನಲ್ಲಿ, ಬಾಗಿಲ ಹಿಡಿಕೆಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸ್ಯಾನಿಟೈಸರ್‌ನ ಆಲ್ಕೋಹಾಲ್‌ಗೆ ಈ ಬೀಜಾಣು ಬಗ್ಗುವುದಿಲ್ಲ. ಸೋಪು ಹಾಕಿ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಲೇಬೇಕು. ಮೇಲ್ಮೈಗಳಿಗೆ ಬ್ಲೀಚ್ ಬೇಕು. ಕೊರೋನಾ ಕಾಲದಲ್ಲಿ ರೂಢಿಯಾದ ಸ್ಯಾನಿಟೈಸರ್ ನಂಬಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪರೀಕ್ಷೆಯಲ್ಲೂ ಒಂದು ಎಚ್ಚರ ಬೇಕು. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ, ಬೇರೆ ಕಾರಣವಿಲ್ಲದೆ ತೆಳುವಾಗಿ ಹೋಗಿದ್ದರೆ ಮಾತ್ರ ಮಲ ಪರೀಕ್ಷೆಗೆ ಅರ್ಥ. ಹೊಟ್ಟೆ ಕಟ್ಟಿದೆ ಅಂತ ಹಿಂದಿನ ರಾತ್ರಿ ಲ್ಯಾಕ್ಟುಲೋಸ್ ಕುಡಿದು ಬೆಳಿಗ್ಗೆ ನಾಲ್ಕು ಸಲ ಹೋದವರಿಗೆ ಪಿಸಿಆರ್ ಮಾಡಿಸಿದರೆ ಪಾಸಿಟಿವ್ ಬರಬಹುದು. ಕಾಯಿಲೆ ಇಲ್ಲದೆ ಬ್ಯಾಕ್ಟೀರಿಯಾ ಮಾತ್ರ ಹೊತ್ತಿರುವವರು ಡಯಾಲಿಸಿಸ್ ರೋಗಿಗಳಲ್ಲಿ ಕಡಿಮೆ ಏನಿಲ್ಲ. ಅವರಿಗೆ ಬೇಡದ ಔಷಧಿ ಕೊಟ್ಟಂತಾಗುತ್ತದೆ. ಹಾಗಾಗಿ ಲ್ಯಾಕ್ಟುಲೋಸ್ ಕುಡಿದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಇನ್ನೊಂದು ಗೊಂದಲ ಕಿಡ್ನಿ ರೋಗಿಗಳಿಗೇ ಮೀಸಲು. ಕಾಯಿಲೆ ತೀವ್ರವೋ ಅಲ್ಲವೋ ಅಂತ ಅಳೆಯಲು ಅಮೆರಿಕದ ಮಾರ್ಗಸೂಚಿ ಎರಡು ಅಂಕಿ ನೋಡುತ್ತದೆ: ಬಿಳಿ ರಕ್ತಕಣ 15,000 ಮುಟ್ಟಿದೆಯಾ, ಇಲ್ಲವೇ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ) 1.5 ದಾಟಿದೆಯಾ. ಕ್ರಿಯಾಟಿನಿನ್ ಮಾಮೂಲಿ ದಿನಗಳಲ್ಲೇ 3.2 ಇರುವವರ ಗತಿ ಏನು? ಡಯಾಲಿಸಿಸ್‌ನಲ್ಲಿ ಇದ್ದು 8 ಇರುವವರದ್ದು? ಈ ಲೆಕ್ಕದಲ್ಲಿ ಅವರಿಗೆ ಬಂದಿದ್ದೆಲ್ಲ ತೀವ್ರವೇ. ಯುರೋಪಿನ ಮಾರ್ಗಸೂಚಿ ಇಲ್ಲಿ ಸ್ವಲ್ಪ ವಾಸಿ. ಅದು ಮಾಮೂಲಿ ಮಟ್ಟಕ್ಕಿಂತ ಅರ್ಧದಷ್ಟು, ಅಂದರೆ ಶೇ. 50ಕ್ಕಿಂತ ಜಾಸ್ತಿ ಏರಿದೆಯಾ ಅಂತ ಕೇಳುತ್ತದೆ. ಆದರೆ ಮಾಮೂಲಿ ಮಟ್ಟ ಎಷ್ಟು ಅಂತ ರಾತ್ರಿ ಪಾಳಿಯ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಹಳೇ ರಿಪೋರ್ಟಿನ ಒಂದು ಫೋಟೋ ಮೊಬೈಲಿನಲ್ಲಿ ಇದ್ದರೆ ಅರ್ಧ ಕೆಲಸ ಮುಗಿಯಿತು.

ಚಿಕಿತ್ಸೆಗೆ ವ್ಯಾಂಕೊಮೈಸಿನ್ ಹೆಸರು ಕೇಳಿದರೆ ಡಯಾಲಿಸಿಸ್ ಮನೆಯವರಿಗೆ ಗಾಬರಿಯಾಗುವುದು ಸಹಜ. ಕ್ಯಾಥೆಟರ್ ಸೋಂಕಿಗೆ ಇಂಜೆಕ್ಷನ್ ಆಗಿ ಕೊಡುವ, ಕಿಡ್ನಿಗೆ ಪೆಟ್ಟು ಕೊಡಬಲ್ಲ ಔಷಧಿ ಅಲ್ವಾ ಅದು? ಹೌದು, ಅದೇ. ಆದರೆ ರಕ್ತನಾಳಕ್ಕೆ ಕೊಟ್ಟ ವ್ಯಾಂಕೊಮೈಸಿನ್ ಕರುಳಿನ ಒಳಭಾಗಕ್ಕೆ ಬರುವುದಿಲ್ಲ. ಹಾಗೇ ಬಾಯಿಯಿಂದ ಕುಡಿದದ್ದು ರಕ್ತಕ್ಕೆ ಹೋಗುವುದು ತೀರಾ ಕಡಿಮೆ, ಕರುಳಲ್ಲೇ ಉಳಿದು ಕೆಲಸ ಮಾಡುತ್ತದೆ. ಹಾಗಾಗಿ ಈ ಕಾಯಿಲೆಗೆ ಅದನ್ನು ಕುಡಿಸುತ್ತಾರೆ: 125 ಮಿ.ಗ್ರಾಂ., ದಿನಕ್ಕೆ ನಾಲ್ಕು ಸಲ, ಹತ್ತು ದಿನ. ಕಿಡ್ನಿ ಸೋತಿದೆ ಅಂತ ಈ ಡೋಸ್ ಇಳಿಸಬೇಕಾಗಿಲ್ಲ. ಕ್ಯಾಪ್ಸೂಲ್ ಸಿಗದ ಕಡೆ 500 ಮಿ.ಗ್ರಾಂ.ನ ಇಂಜೆಕ್ಷನ್ ಪುಡಿಯನ್ನೇ ನೀರಲ್ಲಿ ಕರಗಿಸಿ, ನಾಲ್ಕು ಭಾಗ ಮಾಡಿ ಕುಡಿಸುತ್ತಾರೆ. ಒಂದು ಬಾಟಲಿ ಒಂದು ದಿನಕ್ಕೆ. ಇಂಜೆಕ್ಷನ್ ಬಾಟಲಿಯ ಔಷಧಿಯನ್ನು ನರ್ಸ್ ಲೋಟಕ್ಕೆ ಹಾಕಿ ಕೊಟ್ಟರೆ ತಪ್ಪು ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಕರುಳು ತುಂಬಾ ಊದಿಕೊಂಡವರಿಗೆ, ದೊಡ್ಡ ಡೋಸ್ ಬೇಕಾದವರಿಗೆ ಮಾತ್ರ ಸ್ವಲ್ಪ ಔಷಧಿ ರಕ್ತ ಸೇರಬಹುದು ಅಂತ ನಿಗಾ ಇಡುತ್ತಾರೆ.

ಫಿಡಾಕ್ಸೊಮೈಸಿನ್ ಎಂಬ ಇನ್ನೊಂದು ಔಷಧಿಯಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ. ಬೆಲೆ ಮಾತ್ರ ಬಹಳ ಜಾಸ್ತಿ. ಮರುಕಳಿಸುವುದೇ ಈ ಸೋಂಕಿನ ಕೆಟ್ಟ ಗುಣ. ಮೊದಲ ಸಲ ವಾಸಿಯಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಮತ್ತೆ ಮತ್ತೆ ಬರುವವರಿಗೆ ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾಗಳನ್ನೇ ಕರುಳಿಗೆ ಸೇರಿಸುವ ಚಿಕಿತ್ಸೆ ಇದೆ. ಕೇಳಲು ಹೇಸಿಗೆ ಅನ್ನಿಸಬಹುದು. ಆದರೆ 2013ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗದಲ್ಲಿ ಇದರ ಫಲ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು.

ಎಲ್ಲ ಭೇದಿಯೂ ಸಿ. ಡಿಫಿಸಿಲ್ ಅಲ್ಲ. ಊರಲ್ಲಿ ಎಲ್ಲರಿಗೂ ಬರುವ ಸಾಲ್ಮೊನೆಲ್ಲಾ, ಶಿಗೆಲ್ಲಾ, ಕಾಲರಾ, ಇ. ಕೋಲಿ ಇವರಿಗೂ ಬರುತ್ತವೆ. ಇ. ಕೋಲಿಯಲ್ಲಿ ಒಂದು ಜಾತಿ ಶಿಗಾ ಎಂಬ ವಿಷ ಬಿಟ್ಟು ಆರೋಗ್ಯವಂತರ ಕಿಡ್ನಿಯನ್ನೂ ಕೆಡಿಸಬಲ್ಲದು. 2011ರಲ್ಲಿ ಜರ್ಮನಿಯಲ್ಲಿ ಇಂಥದ್ದೇ ಸೋಂಕು ಹರಡಿ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 800ಕ್ಕೂ ಹೆಚ್ಚು ಜನರ ಕಿಡ್ನಿಗೆ ಪೆಟ್ಟಾಯಿತು, 50ಕ್ಕೂ ಹೆಚ್ಚು ಜನ ಸತ್ತರು. ಹುಡುಕುತ್ತಾ ಹೋದರೆ ಸಿಕ್ಕ ಮೂಲ ಮೊಳಕೆ ಬಂದ ಮೆಂತ್ಯ! ಮೊಳಕೆಗೆ ಬೇಕಾದ ಬೆಚ್ಚಗಿನ ತೇವ ಬ್ಯಾಕ್ಟೀರಿಯಾಗಳಿಗೂ ಇಷ್ಟ. ಕಿಡ್ನಿ ಕಾಯಿಲೆ ಇರುವವರು, ಅದರಲ್ಲೂ ಕಿಡ್ನಿ ಕಸಿ ಆದವರು, ಮೊಳಕೆಕಾಳನ್ನು ಹಸಿಯಾಗಿ ತಿನ್ನುವ ಬದಲು ಚೆನ್ನಾಗಿ ಬೇಯಿಸಿ ಉಸಲಿ ಮಾಡಿಕೊಳ್ಳುವುದು ವಾಸಿ. ಬೀದಿಬದಿ ಹೆಚ್ಚಿಟ್ಟ ಹಣ್ಣು, ಪಾನಿಪೂರಿ ನೀರಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಮೊದಲ ದಿನ

ನನ್ನ ಪ್ರಕಾರ ನಿಜವಾದ ಅಪಾಯ ಇರುವುದು ಇಲ್ಲಿ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗಲು ಎರಡು ದಿನ ಬೇಕು. ಅಷ್ಟರಲ್ಲಿ ಕಿಡ್ನಿಗೆ ಆಗಬೇಕಾದ ಪೆಟ್ಟು ಆಗಿಹೋಗಿರುತ್ತದೆ.

‘ಮೂತ್ರ ಚೆನ್ನಾಗೇ ಹೋಗ್ತಿದೆ, ನೀರಿನಂಶ ಕಮ್ಮಿಯಾಗಿಲ್ಲ’ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಆರೋಗ್ಯವಾದ ಕಿಡ್ನಿ, ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುತ್ತದೆ. ಸೋತ ಕಿಡ್ನಿ ಮೊದಲು ಕಳೆದುಕೊಳ್ಳುವ ಸಾಮರ್ಥ್ಯಗಳಲ್ಲಿ ಅದೂ ಒಂದು. ಮೈ ಒಣಗುತ್ತಿದ್ದರೂ ಅದು ತೆಳ್ಳಗಿನ ಮೂತ್ರ ಬಿಡುತ್ತಲೇ ಇರುತ್ತದೆ. ಬದಲಿಗೆ ತೂಕ ನೋಡಿ. ಬೆಳಿಗ್ಗೆ ಎದ್ದು, ಮೂತ್ರ ಮಾಡಿ, ಎಂದಿನ ಬಟ್ಟೆಯಲ್ಲಿ. ಒಂದೇ ದಿನದಲ್ಲಿ ಎರಡು ಕೆ.ಜಿ. ಇಳಿದಿದ್ದರೆ ಅದು ಸುಮಾರು ಎರಡು ಲೀಟರ್ ನೀರು. ಎದ್ದು ನಿಂತಾಗ ತಲೆ ಸುತ್ತಿದರೆ, ಬಿಪಿ ಎಂದಿಗಿಂತ ಇಳಿದಿದ್ದರೆ ಕಾಯಬಾರದು. ದಿನಕ್ಕೆ ಒಂದು ಲೀಟರ್ ಮಾತ್ರ ಅನ್ನುವ ಮಿತಿ ಇದ್ದವರೂ ಭೇದಿಯ ದಿನ ಡಾಕ್ಟರಿಗೆ ಫೋನ್ ಮಾಡಿ ಅದನ್ನು ಸಡಿಲಿಸಿಕೊಳ್ಳಬೇಕಾಗುತ್ತದೆ.

ಏನು ಕುಡಿಯಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 20 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. ಎಳನೀರಲ್ಲಿ ಪೊಟ್ಯಾಸಿಯಂ ಅದರ ಎರಡು ಮೂರು ಪಟ್ಟು, ಸೋಡಿಯಂ ಬಹಳ ಕಡಿಮೆ. ಭೇದಿಯಲ್ಲಿ ಮುಖ್ಯವಾಗಿ ಕಳೆದುಹೋಗುವುದು ನೀರು ಮತ್ತು ಉಪ್ಪು. ಹಾಗಾಗಿ ಕಿಡ್ನಿ ಸೋತವರಿಗೆ ಎಳನೀರು ತಪ್ಪು ಆಯ್ಕೆ, ಎಷ್ಟೇ ತಂಪು ಅನ್ನಿಸಿದರೂ. ಹಾಗಂತ ಭೇದಿಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗಿ ಕೆಲವರಲ್ಲಿ ಅದು ಇಳಿದೂ ಹೋಗುತ್ತದೆ. ಏರಿದೆಯೋ ಇಳಿದಿದೆಯೋ ರಕ್ತ ಪರೀಕ್ಷೆಯೇ ಹೇಳಬೇಕು. ಹೋದಷ್ಟನ್ನು ತುಂಬುವ ಲೆಕ್ಕದಲ್ಲಿ, ಡಾಕ್ಟರನ್ನು ಕೇಳಿಕೊಂಡು ಅಳತೆಯಲ್ಲಿ ಓಆರ್‌ಎಸ್ ಕುಡಿಯಬಹುದು. ಉಪ್ಪು ಹಾಕಿದ ಅನ್ನದ ಗಂಜಿಯಲ್ಲಿ ಪೊಟ್ಯಾಸಿಯಂ ಕಡಿಮೆ, ಹೊಟ್ಟೆಗೂ ಹಗುರ. ನಮ್ಮ ಅಜ್ಜಿಯರು ಇದೊಂದನ್ನು ಸರಿಯಾಗೇ ಹೇಳಿದ್ದರು.

ಇನ್ನು ದಿನನಿತ್ಯದ ಮಾತ್ರೆಗಳು. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಪ್ರಿಲ್‌ನಂಥ ಬಿಪಿ ಮಾತ್ರೆಗಳು ಮಾಮೂಲಿ ದಿನಗಳಲ್ಲಿ ಕಿಡ್ನಿಯನ್ನು ಕಾಪಾಡುತ್ತವೆ. ಮೈಯಲ್ಲಿ ನೀರು ಕಡಿಮೆಯಾದ ದಿನ ಇವೇ ಕಿಡ್ನಿಯ ಸೋಸುವ ಒತ್ತಡವನ್ನು ಇನ್ನೂ ಇಳಿಸುತ್ತವೆ. ಮೂತ್ರ ಹೋಗಿಸುವ ಮಾತ್ರೆ ಇರುವ ನೀರನ್ನೂ ಹೊರಹಾಕುತ್ತದೆ. ಶುಗರ್‌ನ ಮೆಟ್‌ಫಾರ್ಮಿನ್ ಮೈಯಲ್ಲಿ ಸೇರಿಕೊಂಡು ಆಸಿಡ್ ಏರಿಸಬಹುದು. ಡಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆ ಕೀಟೋನ್ ಎಂಬ ಆಸಿಡ್ ಏರಿಸಬಹುದು. ಊಟ ಇಲ್ಲದೆ ಗ್ಲಿಮೆಪಿರೈಡ್ ನುಂಗಿದರೆ ಶುಗರ್ ಪಾತಾಳಕ್ಕೆ. ಹೊಟ್ಟೆನೋವಿಗೆ ಅಂತ ಡೈಕ್ಲೊಫೆನಾಕ್ ನುಂಗಿದರಂತೂ ಕಥೆ ಮುಗಿಯಿತು. ವಾಂತಿ ಭೇದಿಯ ದಿನ ಇವುಗಳಲ್ಲಿ ಯಾವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಊಟ ನೀರು ಸರಿಹೋಗಿ 24ರಿಂದ 48 ಗಂಟೆಯ ಮೇಲೆ ಹೇಗೆ ಮತ್ತೆ ಶುರು ಮಾಡಬೇಕು ಅಂತ ಕಿಡ್ನಿ ತಜ್ಞರು (ನೆಫ್ರಾಲಜಿಸ್ಟ್‌ಗಳು) ಮೊದಲೇ ಹೇಳಿಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಇದಕ್ಕೆ ದೊಡ್ಡ ಪ್ರಯೋಗಗಳ ಬೆಂಬಲ ಇನ್ನೂ ಕಡಿಮೆ, ಆದರೂ ಹೆಚ್ಚಿನ ಮಾರ್ಗಸೂಚಿಗಳು ಒಪ್ಪುತ್ತವೆ. ಹೃದಯದ ತೊಂದರೆಯೂ ಇದ್ದರೆ ಸ್ವಂತ ಬುದ್ಧಿಯಿಂದ ನಿಲ್ಲಿಸುವುದೂ ಅಪಾಯ. ಮುಂದಿನ ಸಲ ಓಪಿಡಿಗೆ ಹೋದಾಗ ಕೇಳಿ, ಫೈಲಿನ ಮೊದಲ ಪುಟದಲ್ಲೇ ಬರೆಸಿಕೊಂಡು ಬನ್ನಿ.

ಮೆಡಿಕಲ್ ಸ್ಟೋರಿನ ಮಾತ್ರೆ ಬಗ್ಗೆ ಎರಡು ಮಾತು. ಹೆಚ್ಚಿನ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಶಿಗಾ ವಿಷದ ಇ. ಕೋಲಿ ಆಗಿದ್ದರೆ ಅದು ಕೇಡನ್ನೇ ಮಾಡಬಹುದು. ಬೇಕಾದಾಗಲೂ ಸಿಪ್ರೊಫ್ಲಾಕ್ಸಾಸಿನ್ ಡೋಸ್ ಇಳಿಸಬೇಕು, ಇಲ್ಲದಿದ್ದರೆ ವಯಸ್ಸಾದವರಿಗೆ ಮಂಕು, ಗೊಂದಲ ಶುರುವಾಗಬಹುದು. ಕೋಟ್ರೈಮಾಕ್ಸಜೋಲ್ ಪೊಟ್ಯಾಸಿಯಂ ಏರಿಸುತ್ತದೆ. ಅಮಿಕಾಸಿನ್, ಜೆಂಟಾಮೈಸಿನ್ ಇಂಜೆಕ್ಷನ್ ಕಿಡ್ನಿಗೇ ವಿಷ. ಅಜಿತ್ರೊಮೈಸಿನ್‌ಗೆ ಸಾಮಾನ್ಯವಾಗಿ ಡೋಸ್ ಬದಲಾವಣೆ ಬೇಡ, ಆದರೆ ಅದೂ ಡಾಕ್ಟರ್ ಬರೆದರೆ ಮಾತ್ರ. ಭೇದಿ ಕಟ್ಟಿಸುವ ಲೊಪೆರಮೈಡ್ ಅನ್ನು ಜ್ವರ ಇದ್ದರೆ, ರಕ್ತ ಹೋಗುತ್ತಿದ್ದರೆ, ಸಿ. ಡಿಫಿಸಿಲ್ ಸಂಶಯ ಇದ್ದರೆ ಮುಟ್ಟಬಾರದು. ಉಸಿರು ಆಳವಾಗಿ, ಬೇಗ ಬೇಗ ಬರುತ್ತಿದ್ದರೆ ಮೈಯಲ್ಲಿ ಆಸಿಡ್ ಏರಿರಬಹುದು. ತಕ್ಷಣ ಆಸ್ಪತ್ರೆಗೆ ಹೊರಡಿ.

ಡಯಾಲಿಸಿಸ್ ಮತ್ತು ಕಸಿ ಆದವರಿಗೆ

ಭೇದಿ ಇದೆ ಅಂತ ಡಯಾಲಿಸಿಸ್ ತಪ್ಪಿಸಬೇಡಿ. ಹೋದ ತಕ್ಷಣ ಟೆಕ್ನಿಷಿಯನ್‌ಗೆ ವಿಷಯ ಹೇಳಿ. ಎಂದಿನಂತೆ ಎರಡೂವರೆ ಲೀಟರ್ ತೆಗೆಯಲು ಯಂತ್ರ ಹೊಂದಿಸಿಬಿಟ್ಟರೆ, ಮೊದಲೇ ನೀರು ಕಳೆದುಕೊಂಡ ಮೈ ತಡೆಯುವುದಿಲ್ಲ. ಅರ್ಧದಲ್ಲೇ ಬಿಪಿ ಕುಸಿದು, ಕಾಲು ಹಿಡಿದುಕೊಳ್ಳುತ್ತದೆ.

ಹೊಟ್ಟೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಇನ್ನೊಂದು ಅಪಾಯ. ಕರುಳು ಮತ್ತು ಡಯಾಲಿಸಿಸ್ ದ್ರವದ ನಡುವೆ ಇರುವುದು ಒಂದು ತೆಳು ಗೋಡೆ. ತೀವ್ರ ಭೇದಿ ಇರಲಿ, ತೀವ್ರ ಮಲಬದ್ಧತೆ ಇರಲಿ, ಕರುಳಿನ ಬ್ಯಾಕ್ಟೀರಿಯಾ ಆ ಗೋಡೆ ದಾಟಿ ಹೊಟ್ಟೆಯೊಳಗೆ ಸೋಂಕು ಮಾಡಬಹುದು. ಹೊರಗೆ ಬಂದ ದ್ರವದ ಚೀಲದ ಕೆಳಗೆ ಅಕ್ಷರ ಇರುವ ಕಾಗದ ಇಟ್ಟು ನೋಡಿ. ಅಕ್ಷರ ಮಸುಕಾಗಿ ಕಂಡರೆ ಆ ಚೀಲವನ್ನು ಚೆಲ್ಲದೆ ಹಾಗೇ ತಗೊಂಡು ಆಸ್ಪತ್ರೆಗೆ ಹೋಗಿ.

ಕಸಿ ಮಾಡಿದ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ಕೊಡುವ ಮಾತ್ರೆಗಳಲ್ಲಿ ಮೈಕೊಫಿನೊಲೇಟ್, ಟ್ಯಾಕ್ರೊಲಿಮಸ್ ಸೇರಿವೆ. ಇವುಗಳಲ್ಲಿ ಮೈಕೊಫಿನೊಲೇಟ್ ಮಾತ್ರೆಯೇ ಭೇದಿ ತರಬಹುದು, ಹಾಗಾಗಿ ಸೋಂಕು ಯಾವುದು, ಮಾತ್ರೆಯ ಅಡ್ಡಪರಿಣಾಮ ಯಾವುದು ಅಂತ ಬೇರೆ ಮಾಡುವುದು ಕಷ್ಟ. ಭೇದಿಯಲ್ಲಿ ಟ್ಯಾಕ್ರೊಲಿಮಸ್ ರಕ್ತದಲ್ಲಿ ಇಳಿಯುತ್ತದೆ ಅಂತ ಯಾರಾದರೂ ಅಂದುಕೊಳ್ಳಬೇಕು. ಆಗುವುದು ಉಲ್ಟಾ. ಅದನ್ನು ತಡೆದು ಒಡೆಯುವ ಕೆಲಸ ಕರುಳಿನ ಗೋಡೆಯದ್ದು. ಗೋಡೆ ಕೆಟ್ಟಾಗ ಔಷಧಿ ಜಾಸ್ತಿ ಒಳಗೆ ಹೋಗಿ, ಮಟ್ಟ ಏರಿ, ಕಸಿ ಮಾಡಿದ ಕಿಡ್ನಿಗೇ ಪೆಟ್ಟು ಕೊಡುತ್ತದೆ. ಹಾಗಂತ ಕಸಿಯ ಮಾತ್ರೆಗಳನ್ನಾಗಲಿ, ಸ್ಟೀರಾಯ್ಡನ್ನಾಗಲಿ ಮನೆಯಲ್ಲೇ ನಿಲ್ಲಿಸುವಂತಿಲ್ಲ. ಎರಡನೇ ದಿನಕ್ಕೂ ಭೇದಿ ನಿಲ್ಲದಿದ್ದರೆ ಮಟ್ಟ ಪರೀಕ್ಷೆ ಮಾಡಿಸಿ, ಡೋಸ್ ಎಷ್ಟು ಅಂತ ಕಸಿ ತಂಡವೇ ಹೇಳಬೇಕು.

ಸಿ. ಡಿಫಿಸಿಲ್‌ಗೆ ಚಿಕಿತ್ಸೆ ಮುಗಿಸಿದವರಿಗೆ ಒಂದು ವಿಷಯ. ಭೇದಿ ನಿಂತ ಮೇಲೆ ‘ಪೂರ್ತಿ ಹೋಗಿದೆಯಾ ನೋಡೋಣ’ ಅಂತ ಮತ್ತೆ ಮಲ ಪರೀಕ್ಷೆ ಮಾಡಿಸಬೇಡಿ. ವಾಸಿಯಾದ ಮೇಲೂ ವಾರಗಟ್ಟಲೆ ಅದು ಪಾಸಿಟಿವ್ ತೋರಿಸುತ್ತಿರಬಹುದು. ಮತ್ತೆ ಭೇದಿ ಶುರುವಾದರೆ ಮಾತ್ರ ಪರೀಕ್ಷೆ.